ಸಂಜೆ ಹೊತ್ತು ಮಾತ್ರ ಏರುತ್ತಿದ್ದ ಮುಳ್ಳು

ಅಕ್ಕನ ಕಾರಿಗೆ 17 ವರ್ಷ. ಸಣ್ಣ ಕಾರು, 1 ಲೀಟರ್ ಪೆಟ್ರೋಲ್ ಎಂಜಿನ್, ಇಲ್ಲಿಯವರೆಗೆ ಓಡಿದ್ದು 1 ಲಕ್ಷ 40 ಸಾವಿರ ಕಿಲೋಮೀಟರ್ ಚಿಲ್ಲರೆ. ಆಯಿಲ್ ಬದಲಿಸುವುದು, ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಬ್ರೇಕ್ ಪ್ಯಾಡ್ ಎಲ್ಲವನ್ನೂ ಅಕ್ಕ ನಾನು ಸೇರಿ ಮನೆ ಮುಂದೆಯೇ ಮಾಡಿಕೊಳ್ಳುತ್ತೇವೆ. ಹಳೆ ಕಾರನ್ನು ಇಟ್ಟುಕೊಳ್ಳಬೇಕು ಅಂದರೆ ಅದರ ಜೊತೆ ಸ್ವಲ್ಪ ಹೊತ್ತು ಕಳೆಯಲೇಬೇಕು. ಎಂಜಿನ್ ವಿಪರೀತ ಬಿಸಿಯಾಗಿ, ಡ್ಯಾಶ್‌ಬೋರ್ಡಿನಲ್ಲಿ ಬಿಸಿ ತೋರಿಸುವ ಮುಳ್ಳು ಏರುವ ಈ ಪ್ರಕರಣದಲ್ಲಿ ಒಟ್ಟು ಮೂರು ವಾರ ಹೋಯಿತು. ಕೊನೆಗೆ ಸಿಕ್ಕಿದ್ದು ಒಂದು ಬೋಲ್ಟ್. ಮೂರು ವಾರದಲ್ಲಿ ಏನೇನು ನೋಡಿದೆವು, ಎಲ್ಲಿ ದಾರಿ ತಪ್ಪಿದೆವು, ಯಾಕೆ ತಪ್ಪಿದೆವು ಅನ್ನುವುದನ್ನು ಪೂರ್ತಿ ಬರೆದಿದ್ದೇನೆ.

ಒಂದು ಸಂಜೆ ಏಳರ ಹೊತ್ತಿಗೆ ಅವಳ ಫೋನ್ ಬಂತು. "ಲೋ, ಮುಳ್ಳು ಕೆಂಪಿನ ಹತ್ತಿರ ಹೋಗಿದೆ ಕಣೋ. ಟ್ರಾಫಿಕ್ಕಲ್ಲಿ ನಿಂತಿದ್ದೆ. ಈಗ ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿದೀನಿ. ರೇಡಿಯೇಟರ್ ಮುಚ್ಚಳ ತೆಗೆದು ನೀರು ಹಾಕ್ಲಾ?"

"ಬೇಡ ಅಕ್ಕಾ, ಮುಚ್ಚಳ ಮುಟ್ಟಲೇಬೇಡ. ಅರ್ಧ ಗಂಟೆ ಸುಮ್ನೆ ಬಿಡು."

ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಎಂಜಿನ್ನಿನ ಬಿಸಿ ನೀರನ್ನು ತಣಿಸುವ ರೇಡಿಯೇಟರಿನ ಆ ಮುಚ್ಚಳ ಬರೀ ಮುಚ್ಚಳ ಅಲ್ಲ, ಅದು ಒತ್ತಡ ಹಿಡಿದಿಡುವ ವಾಲ್ವ್. ಅಕ್ಕನ ಕಾರಿನ ಮುಚ್ಚಳದ ಮೇಲೆ 0.9 ಎಂದು ಬರೆದಿದೆ. ಅಂದರೆ ಹೊರಗಿನ ಗಾಳಿಯ ಒತ್ತಡಕ್ಕಿಂತ 0.9 ಬಾರ್ ಜಾಸ್ತಿ ಆಗುವವರೆಗೆ ಅದು ಬಿಟ್ಟುಕೊಡುವುದಿಲ್ಲ. ಅಷ್ಟು ಒತ್ತಡದಲ್ಲಿ ಬರೀ ನೀರು ಕೂಡ ಸುಮಾರು 118 ಡಿಗ್ರಿವರೆಗೆ ಕುದಿಯುವುದಿಲ್ಲ. ಒಳಗೆ 110 ಡಿಗ್ರಿ ಇದ್ದಾಗ ಮುಚ್ಚಳ ತಿರುಗಿಸಿದರೆ ಒತ್ತಡ ಒಮ್ಮೆಲೇ ಇಳಿಯುತ್ತದೆ. ಇಳಿದ ಕ್ಷಣಕ್ಕೆ ನೀರು ಕೊತ ಕೊತ ಕುದಿದು ಮುಖಕ್ಕೆ ಚಿಮ್ಮುತ್ತದೆ. ಮೇಲಿನ ಹೋಸ್ ಪೈಪನ್ನು ಹಿಚುಕಿದರೆ ಮೆತ್ತಗಿರಬೇಕು, ಕೈಗೆ ಬಿಸಿ ತಾಗಬಾರದು. ಆಮೇಲೆ ಮಾತ್ರ ತೆಗೆಯಬೇಕು.

ಅಕ್ಕ ಅಷ್ಟರಲ್ಲಾಗಲೇ ಎರಡು ಒಳ್ಳೆ ಕೆಲಸ ಮಾಡಿದ್ದಳು. ಮುಳ್ಳು ಏರುತ್ತಿದ್ದಂತೆ ಏಸಿ ಆಫ್ ಮಾಡಿ, ಹೀಟರ್ ಪೂರ್ತಿ ತಿರುಗಿಸಿದ್ದಳು. ಹೀಟರ್ ಅಂದರೆ ಡ್ಯಾಶ್‌ಬೋರ್ಡ್ ಹಿಂದೆ ಇರುವ ಇನ್ನೊಂದು ಪುಟ್ಟ ರೇಡಿಯೇಟರ್. ಎಂಜಿನ್ನಿನ ಬಿಸಿಯನ್ನು ಸ್ವಲ್ಪ ಒಳಗೆ ಎಳೆದುಕೊಳ್ಳುತ್ತದೆ. ಸೆಖೆ ಆಗುತ್ತದೆ, ನಿಜ. ಆದರೆ ಎಂಜಿನ್ ಉಳಿಯುತ್ತದೆ. ಅಷ್ಟು ಮಾಡಿದರೂ ಮುಳ್ಳು ಇಳಿಯದೆ ಇದ್ದಾಗ ಎಂಜಿನ್ ನಿಲ್ಲಿಸಿದ್ದಳು.

ಮರುದಿನ ಬೆಳಿಗ್ಗೆ ಕಂಡಿದ್ದು

ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ಬಾನೆಟ್ ಎತ್ತಿದೆವು. ಎರಡು ವಿಷಯ ಕಣ್ಣಿಗೆ ಬಿತ್ತು.

ಮೊದಲನೆಯದು, ಕೂಲೆಂಟ್‌ನ, ಅಂದರೆ ಎಂಜಿನ್ ತಣಿಸುವ ದ್ರವದ, ರಿಸರ್ವ್ ಬಾಟಲಿ ತುಂಬಿತ್ತು. ಮ್ಯಾಕ್ಸ್ ಗೆರೆಯ ಮೇಲೆಯೇ ಇತ್ತು. ಎರಡನೆಯದು, ರೇಡಿಯೇಟರಿನ ಮೇಲಿನ ಹೋಸ್ ಪೈಪ್ ಚಪ್ಪಟೆ ಆಗಿತ್ತು. ಯಾರೋ ಮುಷ್ಟಿಯಲ್ಲಿ ಹಿಡಿದು ಹಿಚುಕಿ ಬಿಟ್ಟ ಹಾಗೆ.

ಮುಚ್ಚಳ ತಿರುಗಿಸಿದಾಗ ಉಸ್ ಅಂತ ಗಾಳಿ ಒಳಗೆ ಹೋಯಿತು, ಪೈಪ್ ಮತ್ತೆ ಗುಂಡಗಾಯಿತು. ರೇಡಿಯೇಟರ್ ಒಳಗೆ ನೀರು ಕಾಣಲಿಲ್ಲ. ತುಂಬಿಸಲು ಸುಮಾರು 700 ಮಿಲಿಲೀಟರ್ ಬೇಕಾಯಿತು. ಇಡೀ ವ್ಯವಸ್ಥೆಯಲ್ಲಿ ಹಿಡಿಯುವುದೇ 4 ಲೀಟರ್ ಚಿಲ್ಲರೆ. ಅದರಲ್ಲಿ 700 ಮಿಲಿ ಕಡಿಮೆ ಅಂದರೆ ಸಣ್ಣ ಮಾತಲ್ಲ. ಅಕ್ಕ ಪ್ರತಿ ವಾರ ಬಾಟಲಿ ನೋಡುತ್ತಿದ್ದಳು, ತುಂಬಿದೆ ಅಂತ ನೆಮ್ಮದಿಯಾಗಿದ್ದಳು. ಬಾಟಲಿ ತುಂಬಿದ್ದು ರೇಡಿಯೇಟರಿನಿಂದ ಹೋದ ನೀರಿನಿಂದಲೇ ಅಂತ ನಮಗೆ ಆಗ ಹೊಳೆದಿರಲಿಲ್ಲ.

ಆ ಹೊತ್ತಿಗೆ ಮೂರು ಜನ ಮೂರು ಸಲಹೆ ಕೊಟ್ಟಾಗಿತ್ತು. ಒಬ್ಬರು ಮೆಕ್ಯಾನಿಕ್ ಫೋನಿನಲ್ಲೇ ಹೆಡ್ ಗ್ಯಾಸ್ಕೆಟ್ ಹೋಗಿದೆ ಅಂದರು. ಪರಿಚಯದವರೊಬ್ಬರು ರೇಡಿಯೇಟರ್ ಬದಲಿಸಿಬಿಡಿ, 17 ವರ್ಷ ಆಗಿದೆ ಅಂದರು. ಇನ್ನೊಬ್ಬರು ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲೆ ಮಾತ್ರ ನೀರನ್ನು ರೇಡಿಯೇಟರಿಗೆ ಬಿಡುವ ಪುಟ್ಟ ಬಾಗಿಲು) ಕಿತ್ತು ಬಿಸಾಕಿ, ಅದೇ ಎಲ್ಲದಕ್ಕೂ ಕಾರಣ ಅಂದರು. ಮೂರೂ ಆಗಬಹುದಾದ ಕಾರಣಗಳೇ. ಯಾರ ಮೇಲೂ ನನಗೆ ಬೇಸರವಿಲ್ಲ. ಆದರೆ ಒಬ್ಬರೂ "ಯಾವಾಗ ಬಿಸಿಯಾಗುತ್ತದೆ?" ಅಂತ ಕೇಳಲಿಲ್ಲ. ನಾನೂ ಕೇಳಲಿಲ್ಲ. ಮೂರು ವಾರ ಹಿಡಿದಿದ್ದು ಆ ಒಂದು ಕಾರಣಕ್ಕೇ.

ಹೆಡ್ ಗ್ಯಾಸ್ಕೆಟ್ ಅನುಮಾನ

ಇದನ್ನು ಮೊದಲು ತೀರ್ಮಾನ ಮಾಡಿಕೊಳ್ಳಬೇಕಿತ್ತು. ಹೆಡ್ ಗ್ಯಾಸ್ಕೆಟ್ ಅಂದರೆ ಸಿಲಿಂಡರ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವೆ ಇರುವ ತೆಳು ಹಾಳೆ. ಅದು ಸೀಳಿದರೆ ಉರಿದ ಗ್ಯಾಸು ಕೂಲೆಂಟಿಗೆ ನುಗ್ಗುತ್ತದೆ, ನೀರನ್ನು ಬಾಟಲಿಗೆ ದೂಡುತ್ತದೆ. ನಮ್ಮ ಬಾಟಲಿ ತುಂಬಿದ್ದಕ್ಕೆ ಇದೂ ಕಾರಣ ಇರಬಹುದಿತ್ತು.

ಆಯಿಲ್ ಕಡ್ಡಿ ಎಳೆದು ನೋಡಿದೆವು. ಆಯಿಲ್ ಹಾಲು ಬೆರೆತ ಬಣ್ಣಕ್ಕೆ ತಿರುಗಿರಲಿಲ್ಲ. ಸೈಲೆನ್ಸರಿನಲ್ಲಿ ಬಿಳಿ ಹೊಗೆ ಇರಲಿಲ್ಲ. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿ ಒಂದು ನಿಮಿಷದೊಳಗೆ ಮೇಲಿನ ಪೈಪ್ ಕಲ್ಲಿನ ಹಾಗೆ ಗಟ್ಟಿಯಾದರೆ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಬೇಕು. ನೀರು ಬಿಸಿಯಾಗುವ ಮೊದಲೇ ಒತ್ತಡ ಬರಲು ಬೇರೆ ಕಾರಣವಿಲ್ಲ. ನಮ್ಮದು ಹಾಗೆ ಗಟ್ಟಿಯಾಗಲಿಲ್ಲ. ಕೊನೆಗೆ ನೀಲಿ ದ್ರವದ ಪರೀಕ್ಷೆಯನ್ನೂ ಮಾಡಿದೆವು. ರೇಡಿಯೇಟರ್ ಬಾಯಿಯ ಮೇಲೆ ಒಂದು ಕೊಳವೆ ಇಟ್ಟು, ಅಲ್ಲಿಂದ ಬರುವ ಆವಿಯನ್ನು ನೀಲಿ ದ್ರವದ ಮೂಲಕ ಎಳೆಯಬೇಕು. ಉರಿದ ಗ್ಯಾಸಿನಲ್ಲಿರುವ ಕಾರ್ಬನ್ ಡೈಆಕ್ಸೈಡ್ ತಾಗಿದರೆ ದ್ರವ ಹಳದಿಯಾಗುತ್ತದೆ. ನಮ್ಮದು ಹತ್ತು ನಿಮಿಷ ಆದರೂ ನೀಲಿಯೇ ಇತ್ತು. ಕೊಳವೆಗೆ ಕೂಲೆಂಟ್ ಏರದ ಹಾಗೆ ರೇಡಿಯೇಟರಿನ ನೀರನ್ನು ಸ್ವಲ್ಪ ಕಡಿಮೆ ಮಾಡಿಕೊಂಡಿದ್ದೆವು, ಇಲ್ಲದಿದ್ದರೆ ಫಲಿತಾಂಶ ನಂಬುವ ಹಾಗಿಲ್ಲ.

ಹೆಡ್ ಬಿಚ್ಚುವುದು ದೊಡ್ಡ ಕೆಲಸ. ಫೋನಿನ ಮಾತು ನಂಬಿ ಬಿಚ್ಚಿದ್ದರೆ ಚೆನ್ನಾಗಿರುವ ಎಂಜಿನ್ನನ್ನು ಸುಮ್ಮನೆ ಕೈಯಾರೆ ತೆರೆದಂತಾಗುತ್ತಿತ್ತು.

ಚಪ್ಪಟೆಯಾದ ಪೈಪ್ ಹೇಳಿದ್ದು

ಮುಚ್ಚಳದ ಒಳಗೆ ಎರಡು ವಾಲ್ವ್ ಇರುತ್ತವೆ. ದೊಡ್ಡದು ಸ್ಪ್ರಿಂಗ್ ಇರುವುದು. ಒತ್ತಡ ಜಾಸ್ತಿಯಾದಾಗ ತೆರೆದು, ಹಿಗ್ಗಿದ ಕೂಲೆಂಟನ್ನು ಬಾಟಲಿಗೆ ಕಳಿಸುತ್ತದೆ. ನಡುವೆ ಇನ್ನೊಂದು ಪುಟ್ಟ ಬಿಲ್ಲೆ ಇದೆ. ಎಂಜಿನ್ ತಣ್ಣಗಾಗಿ ನೀರು ಕುಗ್ಗಿದಾಗ ಅದು ತೆರೆದುಕೊಂಡು, ಬಾಟಲಿಗೆ ಹೋದ ನೀರನ್ನು ವಾಪಸ್ ಎಳೆದುಕೊಳ್ಳುತ್ತದೆ.

ನಮ್ಮ ಮುಚ್ಚಳದಲ್ಲಿ ಆ ಪುಟ್ಟ ಬಿಲ್ಲೆ ತುಕ್ಕು ಮತ್ತು ಸುಣ್ಣದಂಥ ಕರೆಯಿಂದ ಅಂಟಿಕೊಂಡಿತ್ತು. ಉಗುರಿನಿಂದ ಎಳೆದರೂ ಅಲ್ಲಾಡಲಿಲ್ಲ. ಹಾಗಾಗಿ ನೀರು ಹೋಗುತ್ತಿತ್ತು, ವಾಪಸ್ ಬರುತ್ತಿರಲಿಲ್ಲ. ತಣ್ಣಗಾದ ಮೇಲೆ ಒಳಗೆ ನಿರ್ವಾತ ಆಗಿ ಮೆತ್ತಗಿನ ಪೈಪ್ ಒಳಕ್ಕೆ ಬಾಗುತ್ತಿತ್ತು. ಆ ಎಳೆತಕ್ಕೆ ಕ್ಲಾಂಪಿನ ಸಂದಿಯಿಂದ ಚೂರುಚೂರೇ ಗಾಳಿ ನುಗ್ಗುತ್ತಿತ್ತು. ಹೀಗೆ ದಿನ ದಿನ ರೇಡಿಯೇಟರ್ ಖಾಲಿಯಾಗಿ ಬಾಟಲಿ ತುಂಬುತ್ತಿತ್ತು.

ಅದೇ ಅಳತೆಯ ಹೊಸ ಮುಚ್ಚಳ ಹಾಕಿದೆವು. ಇಲ್ಲಿ 0.9 ಇರುವ ಕಡೆ 1.1 ಹಾಕಿದರೆ ಒಳ್ಳೆಯದು ಅಂತ ಕೆಲವರು ಹೇಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಜಾಸ್ತಿ ಒತ್ತಡ ಹಳೆ ಪೈಪಿನ ಮೇಲೆ, ಹೀಟರಿನ ಮೇಲೆ, ರೇಡಿಯೇಟರಿನ ಪ್ಲಾಸ್ಟಿಕ್ ತೊಟ್ಟಿಯ ಮೇಲೆ ಬೀಳುತ್ತದೆ. ಆ ಕಾರಿಗೆ ಅಂತ ಕೊಟ್ಟ ಅಂಕಿಯೇ ಸರಿ.

ಹಳೆ ಕೂಲೆಂಟ್ ಕಂದು ಬಣ್ಣಕ್ಕೆ ತಿರುಗಿತ್ತು. ಪೂರ್ತಿ ಇಳಿಸಿ, ಡಿಸ್ಟಿಲ್ಡ್ ವಾಟರಿನಲ್ಲಿ ಎರಡು ಸಲ ತೊಳೆದು, ಅರ್ಧ ಕೂಲೆಂಟ್ ಅರ್ಧ ಡಿಸ್ಟಿಲ್ಡ್ ವಾಟರ್ ಬೆರೆಸಿ ತುಂಬಿದೆವು. ನಲ್ಲಿ ನೀರಿನಲ್ಲಿರುವ ಲವಣ ಒಳಗೆ ಕರೆ ಕಟ್ಟುತ್ತದೆ. ನಮ್ಮ ಮುಚ್ಚಳದ ಬಿಲ್ಲೆ ಅಂಟಿದ್ದೂ ಹಾಗೆಯೇ ಅಂತ ನನ್ನ ನಂಬಿಕೆ, ಯಾಕೆಂದರೆ ಹಿಂದೆ ಕಡಿಮೆಯಾದಾಗಲೆಲ್ಲ ನಲ್ಲಿ ನೀರನ್ನೇ ಹಾಕುತ್ತಿದ್ದೆವು. ಇಳಿಸಿದ ಹಳೆ ಕೂಲೆಂಟನ್ನು ಚರಂಡಿಗೆ ಸುರಿಯಬಾರದು, ತೆರೆದ ಪಾತ್ರೆಯಲ್ಲಿ ಬಿಡಲೂಬಾರದು. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ. ನಾಯಿ, ಬೆಕ್ಕು ನೆಕ್ಕುತ್ತವೆ, ಸ್ವಲ್ಪವೇ ಸಾಕು ಸಾಯಲು. ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿ, ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಟ್ಟೆವು.

ತುಂಬುವಾಗ ಹೀಟರ್ ಪೂರ್ತಿ ತೆರೆದಿಟ್ಟು, ಮೇಲಿನ ಪೈಪನ್ನು ಹಿಚುಕಿ ಹಿಚುಕಿ ಗಾಳಿ ಹೊರಹಾಕಿದೆವು. ಮರುದಿನ ಬೆಳಿಗ್ಗೆ ಪೈಪ್ ಗುಂಡಗಿತ್ತು, ಬಾಟಲಿಯ ಮಟ್ಟ ಇಳಿದಿತ್ತು, ರೇಡಿಯೇಟರ್ ಬಾಯಿತನಕ ತುಂಬಿತ್ತು. ಕೆಲಸ ಮುಗಿಯಿತು ಅಂತ ಇಬ್ಬರೂ ಖುಷಿಪಟ್ಟೆವು.

ನಾಲ್ಕನೇ ದಿನ ಸಂಜೆ ಮತ್ತೆ ಫೋನ್. "ಮುಳ್ಳು ಮುಕ್ಕಾಲಿಗೆ ಹೋಯ್ತು ಕಣೋ."

ನಾನು ಮಾಡಿದ ತಪ್ಪು

ಶನಿವಾರ ಬಾನೆಟ್ ಎತ್ತಿ, ಎಂಜಿನ್ ಸ್ಟಾರ್ಟ್ ಮಾಡಿ, ನಿಂತಲ್ಲೇ ಓಡಲು ಬಿಟ್ಟೆವು. ಸ್ವಲ್ಪ ಹೊತ್ತಿಗೆ ರೇಡಿಯೇಟರಿಗೆ ಗಾಳಿ ಎಳೆಯುವ ಫ್ಯಾನ್ ತಿರುಗಲು ಶುರುವಾಯಿತು. "ಫ್ಯಾನ್ ಓಕೆ" ಅಂತ ಹಾಳೆಯ ಮೇಲೆ ಬರೆದು ಅದನ್ನು ಪಟ್ಟಿಯಿಂದ ಹೊಡೆದುಹಾಕಿದೆ.

ಆ ಒಂದು ಗೆರೆ ನಮಗೆ ಹತ್ತು ದಿನ ತಿಂದಿತು. ಫ್ಯಾನ್ ತಿರುಗುತ್ತಿದೆ ಅನ್ನುವುದನ್ನು ನಾನು ನೋಡಿದ್ದೆ. ಬೇಕಾದಷ್ಟು ವೇಗವಾಗಿ ತಿರುಗುತ್ತಿದೆಯಾ ಅನ್ನುವುದನ್ನು ನೋಡಿರಲಿಲ್ಲ. ಕಣ್ಣಿಗೆ ಅದು ಗೊತ್ತಾಗುವುದೂ ಇಲ್ಲ. ಅರ್ಧ ವೇಗದಲ್ಲಿ ತಿರುಗುವ ರೆಕ್ಕೆಯೂ ಮಸುಕಾದ ಚಕ್ರದಂತೆಯೇ ಕಾಣುತ್ತದೆ.

ಆ ವಾರಾಂತ್ಯ ಥರ್ಮೋಸ್ಟಾಟಿಗೆ ಹೋಯಿತು. ಅದನ್ನು ಬಿಚ್ಚಿ ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟೆವು, ತಳ ತಾಗದ ಹಾಗೆ. ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ಒಲೆ ಹಚ್ಚಿದೆವು. ಅದರ ಮೇಲೆ 82 ಎಂದು ಅಚ್ಚಾಗಿದೆ. ಒಳಗಿರುವ ಮೇಣ ಅಷ್ಟು ಬಿಸಿಗೆ ಕರಗಿ ಹಿಗ್ಗಿ ಬಾಗಿಲನ್ನು ತಳ್ಳುತ್ತದೆ. 82ರ ಆಸುಪಾಸಿನಲ್ಲಿ ಬಾಗಿಲು ಬಿರುಕು ಬಿಟ್ಟಿತು, 95ಕ್ಕೆ ಪೂರ್ತಿ ತೆರೆಯಿತು, ಒಲೆ ಆರಿಸಿದಾಗ ಮತ್ತೆ ಮುಚ್ಚಿತು. ಏನೂ ದೋಷವಿಲ್ಲ. ಹೊಸ ಗ್ಯಾಸ್ಕೆಟ್ ಹಾಕಿ ಅದನ್ನೇ ಕೂರಿಸಿದೆವು.

ಥರ್ಮೋಸ್ಟಾಟ್ ಇಲ್ಲದೆ ಓಡಿಸುವ ಸಲಹೆ ಬಹಳ ಕಡೆ ಕೇಳುತ್ತದೆ. ಅದಿಲ್ಲದಿದ್ದರೆ ಎಂಜಿನ್ ಸರಿಯಾದ ಬಿಸಿಗೆ ಬರಲು ತುಂಬಾ ಹೊತ್ತು ಬೇಕು. ಅಲ್ಲಿಯವರೆಗೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಸಿಲಿಂಡರ್ ಜಾಸ್ತಿ ಸವೆಯುತ್ತದೆ. ಕೆಲವು ಎಂಜಿನ್ನುಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಅದರ ಹಿಂಭಾಗ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅಂಥದ್ದರಲ್ಲಿ ಅದನ್ನು ಕಿತ್ತರೆ ಒಂದಷ್ಟು ನೀರು ರೇಡಿಯೇಟರಿಗೆ ಹೋಗದೆ ಎಂಜಿನ್ನಲ್ಲೇ ಸುತ್ತುತ್ತದೆ, ಬಿಸಿ ಇನ್ನೂ ಹೆಚ್ಚಬಹುದು.

ರೇಡಿಯೇಟರಿನ ಹೊರಮೈಯನ್ನೂ ತೊಳೆದೆವು. ಏಸಿ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವೆ ಧೂಳು, ಒಣಗಿದ ಎಲೆ ಚೂರು ಕೂತಿತ್ತು. ಎಂಜಿನ್ ಕಡೆಯಿಂದ ಹೊರಗೆ, ಮೆಲ್ಲಗೆ ನೀರು ಬಿಟ್ಟರೆ ಸಾಕು. ಜೋರಾಗಿ ಬಿಟ್ಟರೆ ತೆಳು ಅಲ್ಯುಮಿನಿಯಂ ಪಟ್ಟಿಗಳು ಮಡಚಿಕೊಂಡು ಗಾಳಿಯ ದಾರಿಯೇ ಮುಚ್ಚುತ್ತದೆ. ಇದರಿಂದ ಚೂರು ಸುಧಾರಿಸಿತು, ಪೂರ್ತಿ ಅಲ್ಲ.

ಅಕ್ಕನ ನೋಟ್‌ಬುಕ್

ಎರಡನೇ ವಾರದಲ್ಲಿ ಅಕ್ಕ ಒಂದು ಕೆಲಸ ಮಾಡಿದಳು. ಕಾರಿನಲ್ಲಿ ಒಂದು ಪುಟ್ಟ ನೋಟ್‌ಬುಕ್ ಇಟ್ಟುಕೊಂಡು, ಪ್ರತಿ ಸಲ ಕಾರು ನಿಲ್ಲಿಸಿದ ಮೇಲೆ ಒಂದು ಸಾಲು ಬರೆದಳು. ಎಷ್ಟು ಗಂಟೆ, ಟ್ರಾಫಿಕ್ ಇತ್ತಾ, ಏಸಿ ಇತ್ತಾ, ಮುಳ್ಳು ಎಲ್ಲಿಯವರೆಗೆ ಹೋಯಿತು. ನಾನು ಹೇಳಿಕೊಟ್ಟಿದ್ದಲ್ಲ, ಅವಳಿಗೇ ತೋಚಿದ್ದು. ಈ ಪ್ರಕರಣ ಬಿಡಿಸಿದ್ದು ವೋಲ್ಟ್ ಅಳೆಯುವ ಮಲ್ಟಿಮೀಟರಿಗಿಂತ ಮೊದಲು ಆ ನೋಟ್‌ಬುಕ್.

ಹತ್ತು ದಿನದ ಸಾಲುಗಳನ್ನು ಒಟ್ಟಿಗೆ ಓದಿದೆವು. ಓಡುತ್ತಿರುವಾಗ ಮುಳ್ಳು ಯಾವತ್ತೂ ಅರ್ಧ ದಾಟಿರಲಿಲ್ಲ. ನಿಂತಾಗ ಮಾತ್ರ ಏರುತ್ತಿತ್ತು. ಮತ್ತೆ ಹೊರಟು ಎರಡು ನಿಮಿಷದಲ್ಲಿ ಇಳಿಯುತ್ತಿತ್ತು.

ಇಷ್ಟರಲ್ಲೇ ದೊಡ್ಡ ಉತ್ತರ ಇತ್ತು. ಕಾರು 40, 50 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಎದುರು ಗಾಳಿಯೇ ರೇಡಿಯೇಟರ್ ತಣಿಸುತ್ತದೆ, ಫ್ಯಾನ್ ಬೇಕಾಗುವುದಿಲ್ಲ. ಆಗ ಸರಿಯಿದೆ ಅಂದರೆ ನೀರು ಸರಿಯಾಗಿ ಸುತ್ತುತ್ತಿದೆ, ಪಂಪ್ ಕೆಲಸ ಮಾಡುತ್ತಿದೆ, ರೇಡಿಯೇಟರ್ ಒಳಗೆ ಕಟ್ಟಿಕೊಂಡಿಲ್ಲ. ಕಟ್ಟಿಕೊಂಡಿದ್ದರೆ ಉದ್ದ ದಾರಿಯಲ್ಲಿ, ಏರಿನಲ್ಲಿ ಮುಳ್ಳು ಏರಬೇಕಿತ್ತು. ನಿಂತಾಗ ಮಾತ್ರ ಏರುತ್ತದೆ ಅಂದರೆ ನಿಂತಾಗ ಯಾವುದು ಕೆಲಸ ಮಾಡಬೇಕೋ ಅದರ ಮೇಲೆಯೇ ಅನುಮಾನ. ಅಂದರೆ ನಾನು ಹೊಡೆದುಹಾಕಿದ್ದ ಫ್ಯಾನ್.

ಆದರೆ ನೋಟ್‌ಬುಕ್ಕಿನಲ್ಲಿ ಇನ್ನೊಂದು ವಿಚಿತ್ರ ಇತ್ತು. ಅಕ್ಕನೇ ಬೆರಳಿಟ್ಟು ತೋರಿಸಿದಳು. "ಇಲ್ನೋಡು. ಮಧ್ಯಾಹ್ನ ಎರಡು ಗಂಟೆ, ಸುಡು ಬಿಸಿಲು, ಏಸಿ ಹಾಕಿದೀನಿ, ಅರ್ಧ ಗಂಟೆ ಟ್ರಾಫಿಕ್. ಮುಳ್ಳು ಅರ್ಧಕ್ಕಿಂತ ಚೂರೇ ಮೇಲೆ. ಸಂಜೆ ಏಳಕ್ಕೆ ತಂಪಾಗಿದೆ, ಏಸಿ ಇಲ್ಲ, ಹತ್ತೇ ನಿಮಿಷಕ್ಕೆ ಮುಕ್ಕಾಲು. ಉಲ್ಟಾ ಆಗ್ಬೇಕಿತ್ತು ಅಲ್ವಾ?"

ಉಲ್ಟಾ ಆಗಬೇಕಿತ್ತು. ಸಂಜೆ ಇದ್ದು ಮಧ್ಯಾಹ್ನ ಇಲ್ಲದಿರುವುದು ಏನು? ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಕೂತೆವು. ಆಮೇಲೆ ಅವಳೇ ಅಂದಳು, "ಹೆಡ್‌ಲೈಟ್."

ಅವಳ ಕಾರಿನ ಹೆಡ್‌ಲೈಟ್ ಮಂಕಾಗಿ ಎರಡು ವರ್ಷವಾಗಿತ್ತು. ಗಾಜು ಹಳತಾಗಿದೆ ಅಂದುಕೊಂಡಿದ್ದೆವು. ಒಂದು ಸಲ ಬಲ್ಬ್ ಬದಲಿಸಿಯೂ ಆಗಿತ್ತು, ಪ್ರಯೋಜನ ಆಗಿರಲಿಲ್ಲ. ಅವತ್ತು ಕತ್ತಲಾದ ಮೇಲೆ ಕಾರನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಲೈಟ್ ಹಾಕಿ, ಎಂಜಿನ್ ಓಡಲು ಬಿಟ್ಟೆವು. ಫ್ಯಾನ್ ಆನ್ ಆದ ಕ್ಷಣ ಗೋಡೆಯ ಮೇಲಿನ ಬೆಳಕು ಹಳದಿಗೆ ತಿರುಗಿತು. ಫ್ಯಾನಿನ ಸದ್ದೂ ಬೇರೆ ಇತ್ತು. ಲೈಟ್ ಆಫ್ ಮಾಡಿದರೆ ಸದ್ದು ಏರುತ್ತಿತ್ತು, ಹಾಕಿದರೆ ಇಳಿಯುತ್ತಿತ್ತು. ಎರಡೂ ಒಂದೇ ದಾರಿಯಲ್ಲಿ ಕರೆಂಟ್‌ಗೆ ಕಿತ್ತಾಡುತ್ತಿವೆ ಅಂತ ಕಿವಿಗೇ ಗೊತ್ತಾಯಿತು.

ಅಳೆದು ನೋಡಿದ್ದು

ಮರುದಿನ ಮಲ್ಟಿಮೀಟರ್ ತಂದೆ. ಮೊದಲು ಫ್ಯಾನಿನ ಪ್ಲಗ್ ಬಿಚ್ಚಿ, ಆ ಎರಡು ತಂತಿಗೆ ಮೀಟರ್ ಹಿಡಿದೆ. ಫ್ಯಾನ್ ಸ್ವಿಚ್ಚಿನ ಎರಡು ತಂತಿಯನ್ನು ತುಂಡು ವೈರಿನಿಂದ ಸೇರಿಸಿದೆ, ಆಗ ಎಂಜಿನ್ ಬಿಸಿಯಾಗಲಿ ಬಿಡಲಿ ಫ್ಯಾನಿಗೆ ಕರೆಂಟ್ ಬರುತ್ತದೆ. ಮೀಟರ್ 13.7 ವೋಲ್ಟ್ ತೋರಿಸಿತು. ಬ್ಯಾಟರಿಯಲ್ಲಿ 13.8. ಇದನ್ನು ನೋಡಿ ಎಷ್ಟೋ ಜನ "ಕರೆಂಟ್ ಸರಿಯಾಗಿ ಬರ್ತಿದೆ, ಮೋಟಾರ್ ಹೋಗಿದೆ" ಅಂತ ಹೊಸ ಫ್ಯಾನ್ ತಂದುಬಿಡುತ್ತಾರೆ.

ಆದರೆ ಆ ಅಳತೆ ಏನನ್ನೂ ಹೇಳುವುದಿಲ್ಲ. ಗಿಡಕ್ಕೆ ನೀರು ಬಿಡುವ ಪೈಪನ್ನು ನೆನಪಿಸಿಕೊಳ್ಳಿ. ಒಳಗೆ ಮುಕ್ಕಾಲು ಪಾಲು ಕೆಸರು ಕಟ್ಟಿದ್ದರೂ ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಹಿಡಿದರೆ ಪೂರ್ತಿ ಒತ್ತಡ ಸಿಗುತ್ತದೆ. ಬೆರಳು ತೆಗೆದ ಮೇಲೆ ತಾನೇ ಗೊತ್ತಾಗುವುದು, ನೀರು ತೊಟ್ಟಿಕ್ಕುತ್ತಿದೆ ಅಂತ. ಫ್ಯಾನ್ ಬಿಚ್ಚಿಟ್ಟು ವೋಲ್ಟ್ ಅಳೆಯುವುದು ಬೆರಳು ಮುಚ್ಚಿ ಹಿಡಿದ ಹಾಗೆ. ತಂತಿಯಲ್ಲಿ ಕರೆಂಟ್ ಹರಿಯುತ್ತಿರುವಾಗಲೇ ಅಳೆಯಬೇಕು.

ಪ್ಲಗ್ ವಾಪಸ್ ಹಾಕಿ ಫ್ಯಾನ್ ಓಡಿಸಿ, ಪ್ಲಗ್ಗಿನ ಹಿಂಬದಿಯಿಂದ ಮೀಟರಿನ ಮೊನೆ ತೂರಿಸಿ ಎರಡು ಅಳತೆ ತೆಗೆದೆ. ರೆಕ್ಕೆಯಿಂದ ಕೈ, ತೋಳು, ಮೀಟರಿನ ವೈರ್ ದೂರ ಇರಲಿ. ಎಷ್ಟೋ ಕಾರಿನಲ್ಲಿ ಚಾವಿ ತೆಗೆದ ಮೇಲೂ ಈ ಫ್ಯಾನ್ ತಾನಾಗಿ ಶುರುವಾಗುತ್ತದೆ.

ಒಂದು, ಬ್ಯಾಟರಿಯ ಪ್ಲಸ್ಸಿನಿಂದ ಫ್ಯಾನಿನ ಪ್ಲಸ್ ತಂತಿಗೆ. 0.4 ವೋಲ್ಟ್ ವ್ಯತ್ಯಾಸ. ಹಳೆ ಕಾರಿಗೆ ಪರವಾಗಿಲ್ಲ, ಫ್ಯೂಸ್, ರಿಲೇ, ಉದ್ದ ವೈರ್ ಎಲ್ಲ ದಾಟಿ ಬರಬೇಕು.

ಇನ್ನೊಂದು, ಬ್ಯಾಟರಿಯ ಮೈನಸ್ಸಿನಿಂದ ಫ್ಯಾನಿನ ಅರ್ತ್ ತಂತಿಗೆ, ಅಂದರೆ ಕರೆಂಟ್ ವಾಪಸ್ ಹೋಗುವ ತಂತಿಗೆ. ಇಲ್ಲಿ ಹೆಚ್ಚೆಂದರೆ 0.2 ಇರಬೇಕು. ಮೀಟರ್ ತೋರಿಸಿದ್ದು 2.3. ಅಕ್ಕನಿಗೆ ಹೆಡ್‌ಲೈಟ್ ಹಾಕಲು ಹೇಳಿದೆ. 4.1ಕ್ಕೆ ಏರಿತು.

ಅಂಕಿ ಕೂಡಿಸಿ ಕಳೆದು ನೋಡಿದರೆ ಎಲ್ಲ ಬಿಡಿಸಿಕೊಳ್ಳುತ್ತದೆ. ಹಗಲಲ್ಲಿ 13.8ರಲ್ಲಿ 0.4 ಮತ್ತು 2.3 ಹೋಗಿ ಫ್ಯಾನಿಗೆ ಸಿಗುತ್ತಿದ್ದುದು 11.1 ವೋಲ್ಟ್. ಅಷ್ಟರಲ್ಲಿ ಹೇಗೋ ನಿಭಾಯಿಸುತ್ತಿತ್ತು. ಲೈಟ್ ಹಾಕಿದಾಗ ಬ್ಯಾಟರಿಯೇ 13.5ಕ್ಕೆ ಇಳಿಯುತ್ತಿತ್ತು. ಅದರಲ್ಲಿ 0.4, ಮತ್ತೆ 4.1 ಹೋದರೆ ಉಳಿಯುವುದು 9. ಮೂರರಲ್ಲಿ ಒಂದು ಪಾಲು ದಾರಿಯಲ್ಲೇ ಕರಗಿಹೋಗುತ್ತಿತ್ತು. ಹೆಡ್‌ಲೈಟ್ ಎರಡೂ ಸೇರಿ 110 ವ್ಯಾಟ್, ಅದೂ ಅದೇ ಅರ್ತ್ ದಾರಿಯಲ್ಲೇ ವಾಪಸ್ ಹೋಗುತ್ತಿತ್ತು. ಬಲ್ಬ್ ಬದಲಿಸಿದರೂ ಬೆಳಕು ಬರದಿದ್ದುದು ಇದಕ್ಕೇ. ಎರಡು ವರ್ಷದಿಂದ ಕಾರು ಇದನ್ನೇ ತೋರಿಸುತ್ತಿತ್ತು, ನಾವು ಬೇರೆ ಕಾಯಿಲೆ ಅಂದುಕೊಂಡಿದ್ದೆವು.

ಬೋಲ್ಟ್

ಕಾರಿನಲ್ಲಿ ಪ್ಲಸ್ ತಂತಿ ಮಾತ್ರ ಬ್ಯಾಟರಿಯಿಂದ ಹೋಗುತ್ತದೆ. ವಾಪಸ್ ಬರುವ ದಾರಿ ಕಾರಿನ ಮೈ. ಅಲ್ಲಲ್ಲಿ ಅರ್ತ್ ತಂತಿಗಳನ್ನು ಬೋಲ್ಟ್ ಹಾಕಿ ಮೈಗೆ ಬಿಗಿದಿರುತ್ತಾರೆ. ನಮ್ಮ ಕಾರಿನ ಮುಂಭಾಗದ ಅರ್ತ್ ಬೋಲ್ಟ್ ಎಡ ಹೆಡ್‌ಲೈಟಿನ ಹಿಂದೆ, ಕೆಳಗೆ ಇತ್ತು. ಹೆಡ್‌ಲೈಟ್ ಬಿಚ್ಚದೆ ಕಾಣುವುದಿಲ್ಲ.

ಬಿಚ್ಚಿದಾಗ ಮೊದಲು ಕಂಡಿದ್ದು ಪೇಂಟ್. ನಾಲ್ಕು ವರ್ಷದ ಹಿಂದೆ ಮುಂಭಾಗಕ್ಕೆ ಸಣ್ಣ ಗುದ್ದು ಬಿದ್ದು, ತಗಡು ಎತ್ತಿಸಿ ಪೇಂಟ್ ಮಾಡಿಸಿದ್ದೆವು. ಆಗ ಆ ಜಾಗಕ್ಕೂ ಪೇಂಟ್ ಹೊಡೆದು, ಅದರ ಮೇಲೆಯೇ ತಂತಿಯ ಉಂಗುರ ಇಟ್ಟು ಬೋಲ್ಟ್ ಬಿಗಿದಿದ್ದರು. ಹಲ್ಲಿರುವ ವಾಷರ್ ಇರಬೇಕಿತ್ತು, ಇರಲಿಲ್ಲ. ಹಾಗಾಗಿ ಕರೆಂಟ್ ಹೋಗುತ್ತಿದ್ದುದು ಬೋಲ್ಟಿನ ತಿರುಪು ಗೆರೆಗಳ (ಥ್ರೆಡ್) ಮೂಲಕ ಮಾತ್ರ. ನೀರು ತಾಗಿ ತಾಗಿ ಆ ಗೆರೆಗಳಿಗೂ ತುಕ್ಕು ಹಿಡಿದಿತ್ತು. ಉಂಗುರದ ಪಕ್ಕ ತಂತಿಯ ಹೊದಿಕೆ ಕಂದಾಗಿ ಗಡುಸಾಗಿತ್ತು. 4.1 ವೋಲ್ಟ್, ಸುಮಾರು 13 ಆಂಪಿಯರ್, ಅಂದರೆ 50 ವ್ಯಾಟಿನಷ್ಟು ಬಿಸಿ ಆ ಒಂದು ಬೋಲ್ಟಿನ ಸುತ್ತ ಉತ್ಪತ್ತಿ ಆಗುತ್ತಿತ್ತು. ಇನ್ನೂ ತಡವಾಗಿದ್ದರೆ ವೈರ್ ಸುಡುತ್ತಿತ್ತು. ನನಗೆ ನಿಜಕ್ಕೂ ಭಯವಾಗಿದ್ದು ಆಗಲೇ.

ಬ್ಯಾಟರಿಯ ಮೈನಸ್ ಬಿಚ್ಚಿಟ್ಟು ಕೆಲಸ ಶುರು ಮಾಡಿದೆವು. ಬೋಲ್ಟ್ ಬರಲಿಲ್ಲ. ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು ರಾತ್ರಿಯೆಲ್ಲ ಹಾಗೇ ಇಟ್ಟೆವು. ಬೆಳಿಗ್ಗೆ ಒಂದೇ ಸಲ ಎಳೆಯದೆ, ಕಾಲು ಸುತ್ತು ಬಿಚ್ಚು, ಚೂರು ಬಿಗಿ, ಮತ್ತೆ ಬಿಚ್ಚು ಅಂತ ಮಾಡಿದಾಗ ಮುರಿಯದೆ ಬಂತು. ತಗಡನ್ನು ಉಂಗುರದ ಅಗಲಕ್ಕಿಂತ ಸ್ವಲ್ಪ ದೊಡ್ಡದಾಗಿ ಎಮರಿ ಪೇಪರಿನಲ್ಲಿ ಉಜ್ಜಿ, ಬೆಳ್ಳಗೆ ಹೊಳೆಯುವವರೆಗೆ ಬಿಡಲಿಲ್ಲ. ಕಂದಾದ ತಂತಿಯನ್ನು ಒಳಗೆ ತಾಮ್ರ ಕೆಂಪಗೆ ಕಾಣುವವರೆಗೆ ಕತ್ತರಿಸಿದೆವು. ಹಸಿರು ಅಥವಾ ಕಪ್ಪು ತಾಮ್ರಕ್ಕೆ ಹೊಸ ಉಂಗುರ ಹಾಕಿ ಉಪಯೋಗವಿಲ್ಲ. ಹೊಸ ಉಂಗುರವನ್ನು ತಂತಿಗೆ ಒತ್ತಿ ಕ್ರಿಂಪ್ ಮಾಡಿ, ಹಲ್ಲಿನ ವಾಷರ್ ಇಟ್ಟು, ಹೊಸ ಬೋಲ್ಟ್ ಬಿಗಿದು, ಎಲ್ಲ ಬಿಗಿಯಾದ ಮೇಲೆ ಹೊರಗಿನಿಂದ ಪೆಟ್ರೋಲಿಯಂ ಜೆಲ್ಲಿ ದಪ್ಪವಾಗಿ ಸವರಿದೆವು. ಜೊತೆಗೆ ಅದೇ ಬೋಲ್ಟಿನಿಂದ ಬ್ಯಾಟರಿಯ ಮೈನಸ್ಸಿಗೆ ನೇರವಾಗಿ ಒಂದು ದಪ್ಪ ತಂತಿ ಎಳೆದೆವು. ಇದು ಕಾರಿನಲ್ಲಿ ಮೊದಲು ಇದ್ದುದಲ್ಲ. 17 ವರ್ಷದ ತಗಡಿನ ಬೆಸುಗೆಗಳನ್ನು ನಂಬುವುದಕ್ಕಿಂತ ಒಂದು ತಂತಿ ವಾಸಿ ಅನ್ನಿಸಿತು.

ಮತ್ತೆ ಅಳೆದೆವು. ಫ್ಯಾನ್ ಮತ್ತು ಹೆಡ್‌ಲೈಟ್ ಎರಡೂ ಓಡುತ್ತಿರುವಾಗ ಅರ್ತ್ ಕಡೆ 0.08 ವೋಲ್ಟ್. ಫ್ಯಾನಿಗೆ ಸಿಗುತ್ತಿರುವುದು 13. ಅದರ ಸದ್ದು ಕೇಳಿ ಅಕ್ಕ ಒಂದು ಹೆಜ್ಜೆ ಹಿಂದೆ ಸರಿದಳು, ಅಷ್ಟು ಜೋರಾಗಿತ್ತು. ಆ ಸದ್ದು ಹೇಗಿರಬೇಕು ಅನ್ನುವುದೇ ನಮಗೆ ಮರೆತುಹೋಗಿತ್ತು.

ಆಮೇಲೆ

ಸರಿಯಾಗಿದೆಯಾ ಅಂತ ತಿಳಿಯಲು ನಾವು ನೋಡಿದ್ದು ಮುಳ್ಳನ್ನಲ್ಲ, ಫ್ಯಾನ್ ಎಷ್ಟು ಹೊತ್ತು ಓಡುತ್ತದೆ ಅನ್ನುವುದನ್ನು. ಮುಂಚೆ ಸಂಜೆ ಒಮ್ಮೆ ಶುರುವಾದರೆ ನಿಲ್ಲುತ್ತಲೇ ಇರಲಿಲ್ಲ. ರಿಪೇರಿ ಆದ ಮೇಲೆ ಕಾರು ನಿಲ್ಲಿಸಿ, ಹೆಡ್‌ಲೈಟ್ ಹಾಕಿ, ಏಸಿ ಇಲ್ಲದೆ 30 ನಿಮಿಷ ಓಡಿಸಿದೆವು. ಫ್ಯಾನ್ ಶುರುವಾಗಿ ಎರಡು ನಿಮಿಷದೊಳಗೆ ನಿಂತಿತು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಶುರುವಾಯಿತು. ಹೀಗೆ ಆನ್ ಆಗಿ ಆಫ್ ಆಗುತ್ತಿದ್ದರೆ ತಣಿಸಲು ಇನ್ನೂ ಶಕ್ತಿ ಉಳಿದಿದೆ ಅಂತ ಅರ್ಥ. ಮುಳ್ಳು ಅರ್ಧದಲ್ಲೇ ನಿಂತಿತ್ತು.

ಈಗ ಆರು ತಿಂಗಳಾಗಿದೆ. ಬೇಸಿಗೆ ಕಳೆದಿದೆ, ಮಳೆಯಲ್ಲೂ ಓಡಿದೆ. ಅರ್ತ್ ಕಡೆಯ ಅಳತೆಯನ್ನು ಮೊನ್ನೆ ಮತ್ತೆ ತೆಗೆದೆ, 0.09. ರೇಡಿಯೇಟರಿಗೆ ಇದುವರೆಗೆ ಒಂದು ಹನಿ ಸೇರಿಸಿಲ್ಲ.

ಅಕ್ಕ ನೋಟ್‌ಬುಕ್ ಬರೆಯುವುದನ್ನು ನಿಲ್ಲಿಸಿಲ್ಲ. ಹೋದ ವಾರ ಅವಳು ಹೊಸದೊಂದು ಸಾಲು ತೋರಿಸಿದಳು: "ವಾಟರ್ ಪಂಪ್ ಕೆಳಗಿನ ಪುಟ್ಟ ತೂತಿನ ಹತ್ತಿರ ಒಣಗಿದ ಕಲೆ." ಆ ತೂತು ಇರುವುದೇ ಅದಕ್ಕೆ. ಒಳಗಿನ ಸೀಲ್ ಸವೆಯಲು ಶುರುವಾದಾಗ ಅಲ್ಲಿಂದ ಚೂರು ಜಿನುಗುತ್ತದೆ. ಪಂಪಿನ ಪುಲ್ಲಿ ಹಿಡಿದು ಅಲ್ಲಾಡಿಸಿದೆ, ಸಡಿಲ ಇಲ್ಲ. ಕಲೆಯನ್ನು ಒರೆಸಿ, ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದು, ದಿನಾಂಕ ಬರೆದಿಟ್ಟಿದ್ದೇವೆ. ಎರಡು ವಾರ ಬಿಟ್ಟು ಮತ್ತೆ ನೋಡುತ್ತೇವೆ.